ಕೆಳಗೆ ಬಿದ್ದರೂ ಸಿಡಿಯದ ಬಂದೂಕು

ನಮ್ಮ ಮಾಲಕರು ಒಂದು ಕಪ್ ಚಹಾವನ್ನು ಪೂರ್ತಿ ಕುಡಿದದ್ದನ್ನು ನಾನು ನೋಡಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಏನೋ ನೆನಪಾಗುತ್ತಿತ್ತು. ಕಪ್ಪನ್ನು ಲೇತ್ ಮಷೀನಿನ ಮೇಲೋ ಕಿಟಕಿಯ ಕಟ್ಟೆಯ ಮೇಲೋ ಇಟ್ಟು ಎದ್ದು ಹೋಗಿಬಿಡುತ್ತಿದ್ದರು. ಕಾರ್ಖಾನೆ ಗುಡಿಸುವ ಹೆಂಗಸು ಸಂಜೆ ಆ ಕಪ್ಪುಗಳನ್ನೆಲ್ಲ ಹುಡುಕಿ ಒಟ್ಟು ಮಾಡುತ್ತ, "ಇವರು ಚೆಲ್ಲೂ ಹಾಲಿನಾಗ ಒಂದ ಮನಿ ನಡೀತೈತಿ ನೋಡ್ರಿ" ಎನ್ನುತ್ತಿದ್ದಳು.

ಈ ಸಲದ ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ತೀರಿಕೊಂಡರು. ಸುದ್ದಿ ತಿಳಿದಾಗ ನಾನು ನಿಪ್ಪಾಣಿಯಲ್ಲಿ, ಈಗ ಕೆಲಸ ಮಾಡುವ ಪಂಪ್ ಕಾರ್ಖಾನೆಯಲ್ಲಿದ್ದೆ. ರಜೆ ಕೇಳಿದೆ. ಯಾರು ಸತ್ತರು ಎಂದು ಮ್ಯಾನೇಜರ್ ವಿಚಾರಿಸಿದ. ಹೇಳಿದೆ. "ಯಾರು, ಆ ತಾನಾಗೇ ಹಾರೂ ಬಂದೂಕ ಮಾಡತಿದ್ರಲ್ಲ, ಅವ್ರಾ?" ಎಂದ.

ಅವನು ಕುಚೋದ್ಯಕ್ಕೆ ಅಂದದ್ದಲ್ಲ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಅವರ ಬಗ್ಗೆ ಉಳಿದಿರುವುದು ಇದೊಂದೇ ಮಾತು. ಆ ಮಾತನ್ನು ಸುಳ್ಳೆಂದು ತಳ್ಳಿಹಾಕಲು ನನಗೆ ಬರುವುದಿಲ್ಲ. ಆದರೆ ಅಷ್ಟಕ್ಕೇ ಬಿಟ್ಟುಬಿಡಲೂ ಆಗುತ್ತಿಲ್ಲ.

ಅವರು ಕರೋಶಿ ಕಡೆಯ ಕಬ್ಬಿನ ಜಮೀನಿನವರು. ಮನೆತನದಲ್ಲಿ ಎಲ್ಲರೂ ಹೊಲ ನೋಡಿಕೊಂಡರೆ ಇವರೊಬ್ಬರು ಹೆದ್ದಾರಿಯ ಪಕ್ಕ, ಕೊಗನೊಳ್ಳಿಯ ಈಚೆ, ಲೇತ್ ಹಾಕಿಕೊಂಡು ಸಕ್ಕರೆ ಕಾರ್ಖಾನೆಗಳಿಗೆ ಬುಶ್, ಶಾಫ್ಟಿನಂಥ ಯಂತ್ರದ ಬಿಡಿಭಾಗ ಮಾಡಿಕೊಡುತ್ತಿದ್ದರು. ಖಾಸಗಿಯವರಿಗೂ ಬಂದೂಕು ತಯಾರಿಸುವ ಪರವಾನಗಿ ಸಿಗುತ್ತದೆಂದು ತಿಳಿದ ಮೇಲೆ ಅವರಿಗೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲವಂತೆ. ಬಂಡವಾಳ ಹಾಕಿದವರು ಅವರ ಅಣ್ಣ. ಇವರು ಮಾಡಿದ್ದು ಹನ್ನೆರಡು ಬೋರಿನ ಸೆಮಿ-ಆಟೊಮ್ಯಾಟಿಕ್ ಬಂದೂಕು. ಅದರ ಕೆಲಸವನ್ನು ಅವರೇ ನನಗೆ ಹೇಳಿಕೊಟ್ಟದ್ದು ಹೀಗೆ: "ಒಂದ ಕಾಡತೂಸ ಹಾರಿದಾಗ ಹುಟ್ಟೂ ಗಾಳಿ ಐತೆಲ್ಲ, ಅದರಾಗಿಂದ ಚೂರ ಕದ್ದ, ಒಂದ ಪಿಸ್ಟನ್ ಹಿಂದಕ್ಕ ನೂಕೂದು. ಖಾಲಿ ಕಾಡತೂಸ ಹೊರಗ ಬೀಳತೈತಿ, ಹೊಸಾದು ಒಳಗ ಬರತೈತಿ. ನೀ ಕಣ್ಣ ಪಿಳಕಿಸೂದ್ರಾಗ ಮುಗೀತು. ಈ ಪಿಳಕಿಸೂದ್ರಾಗ ಎಷ್ಟ ತಪ್ಪ ಆಗಬಹುದು ಅಂತ ವಿಚಾರ ಮಾಡಿದ್ರ ಊಟ ಸೇರೂದಿಲ್ಲ."

ನಾನು ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿ ಕೆಲಸ ಕೇಳಿಕೊಂಡು ಹೋದಾಗ ಅವರು ನನ್ನ ಅಂಕಪಟ್ಟಿಯನ್ನು ತೆರೆಯಲೂ ಇಲ್ಲ. ನಿಂತಲ್ಲೇ, "ಬಂದೂಕಿಗೆ ಅಂಜತೀಯೇನು?" ಎಂದರು.

"ಹೌದ್ರಿ, ಅಂಜಿಕಿ ಬರತೈತ್ರಿ."

"ಹಂಗಾದ್ರ ನಾಳೆ ಬಾ. ಮೂಗಿನ ಮ್ಯಾಲೆ ನೊಣ ಕುಂತರೂ ಗುಂಡ ಹಾರಸತೀನಿ ಅನ್ನೂ ಮಂದಿನ್ನ ನಾ ಇಲ್ಲಿ ಇಟ್ಕೊಳ್ಳೂದಿಲ್ಲ."

ಹೀಗೆ ನಾನು ಇನ್ಸ್‌ಪೆಕ್ಷನ್ ವಿಭಾಗಕ್ಕೆ ಸೇರಿದೆ. ಜೋಡಣೆಯಾಗಿ ಬಂದ ಬಂದೂಕು ನನ್ನ ಮೇಜು ದಾಟದೆ ಹೊರಗೆ ಹೋಗುವಂತಿರಲಿಲ್ಲ. ಮನೆಯಲ್ಲಿ ಮಾತ್ರ ಸಮಾಧಾನ ಇರಲಿಲ್ಲ. ರಾಯಬಾಗ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪ ಮಂದಿಯ ಹೊಲಗಳಲ್ಲಿ ದುಡಿದು ನನ್ನನ್ನು ಓದಿಸಿದವನು. ಒಂದು ಸಂಜೆ ಊಟಕ್ಕೆ ಕೂತಾಗ ಗೋಡೆಯ ಕಡೆ ಕೈ ತೋರಿಸಿ, "ಬುದ್ಧನ ಫೋಟೋದ ಕೆಳಗ ಕುಂತ ಉಣ್ಣತಿ. ಹಗಲಿ ಹೋಗಿ ಬಂದೂಕ ಮಾಡತಿ. ಇದು ಹೆಂಗ ಕೂಡತೈತಿ ನೀನ ಹೇಳ" ಎಂದ. ಮರುದಿನ ಮಾಲಕರಿಗೆ ಇದನ್ನು ಹೇಳಿಬಿಟ್ಟೆ. ಅವರು ಮಷೀನುಗಳ ಕಡೆ ನಡೆದರು. ಕೆಲವು ದಿನಗಳ ಮೇಲೆ, ನಾನು ಆ ವಿಷಯ ಬಿಟ್ಟೇಬಿಟ್ಟಿದ್ದಾಗ, ನನ್ನ ಮೇಜಿನ ಮುಂದೆ ಬಂದು ನಿಂತರು.

"ನಿಮ್ಮಪ್ಪನಿಗೆ ಹೇಳ ತಂಗಿ. ಅವ್ರು ಕೇಳಿದ್ದು ಬರೋಬ್ಬರಿ ಐತಿ. ಮಾಡಬಾರದಿತ್ತೋ ಏನೋ. ಮಾಡೀನಿ. ಇನ್ನ ಅದು ಹಾರಬಾರದ ಹೊತ್ತಿನ್ಯಾಗ ಹಾರಬಾರದು. ಅಷ್ಟ ನನ್ನ ಕೈಯಾಗ ಐತಿ."

ಅಪ್ಪನಿಗೆ ಹೇಳಿದೆ. ಅಪ್ಪ ಅದಕ್ಕೆ ಒಪ್ಪಲಿಲ್ಲ. ಕೆಲಸ ಬಿಡು ಎಂದು ಅನ್ನಲೂ ಇಲ್ಲ.

ಮಾಲಕರಿಗೆ ತಮ್ಮ ಬಂದೂಕು ಹೊರಗೆ ಹೋಗಿ ಹೇಗೆ ನಡೆಯುತ್ತಿದೆ ಎಂಬುದು ತಿಳಿಯದೆ ಇರಲಾಗುತ್ತಿರಲಿಲ್ಲ. ಮೊದಲ ಮಳೆಗಾಲದಲ್ಲಿ ಎರಡನೆಯ ಕಾಡತೂಸು ಸಿಕ್ಕಿಕೊಳ್ಳುತ್ತದೆ ಎಂಬ ತಕರಾರು ಬಂತು. ಕಬ್ಬಿಗೆ ಕಾಡುಹಂದಿ ನುಗ್ಗದಂತೆ ಕಾಯುವವರು ಕಾಡತೂಸನ್ನು ಜೇಬಿನಲ್ಲಿಟ್ಟು ತಿರುಗುತ್ತಾರೆ, ತೇವಕ್ಕೆ ಅದು ಉಬ್ಬುತ್ತದೆ. ಅದು ಬಂದೂಕಿನ ತಪ್ಪಲ್ಲ ಎಂದು ಎಲ್ಲರೂ ಹೇಳಿದೆವು. "ನಮ್ಮ ಮಂದಿ ಜೇಬಿನಾಗ ಇಟ್ಟ ಇಡತಾರ. ಬಂದೂಕ ಮಾಡಾಂವಗ ಅದು ಗೊತ್ತ ಇರಬೇಕ" ಎಂದು ಅವರು ಕಾಡತೂಸು ಕೂರುವ ಭಾಗವನ್ನೇ ಹೊಸದಾಗಿ ಕೊರೆಸಿದರು. ಇನ್ನೊಮ್ಮೆ ನಿಪ್ಪಾಣಿಯ ತಂಬಾಕಿನ ವಖಾರಿಯಿಂದ ಒಂದು ಚೀಲ ಧೂಳು ತರಿಸಿ ಬಂದೂಕುಗಳ ಮೇಲೆ ಸುರುವಿದರು. "ಹೊರದೇಶದವ್ರು ಮರಳಿನಾಗ ಹುಗದ ನೋಡತಾರಂತ. ನಮ್ಮ ಗಿರಾಕಿ ಮರಳಿನಾಗ ಇಲ್ಲ, ತಂಬಾಕದಾಗ ಅದಾನ." ಆ ದಿನ ಕಾರ್ಖಾನೆಯಲ್ಲಿ ಯಾರೂ ಮಾತಾಡಲಿಲ್ಲ, ಬರೀ ಸೀನಿದೆವು. ಬಂದೂಕುಗಳು ಮಾತ್ರ ಎಲ್ಲಿಯೂ ತಡೆಯದೆ ಹಾರಿದವು. ಅವರು ಕಣ್ಣು ಮೂಗು ಒರೆಸಿಕೊಳ್ಳುತ್ತ, ನಾಳೆ ಎರೆಮಣ್ಣಿನ ಕೆಸರಿನಲ್ಲಿ ನೋಡೋಣ ಎಂದರು.

ರಾಯಬಾಗದ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನ ಕೈಯಲ್ಲಿ ತಮ್ಮದೇ ಬಂದೂಕನ್ನು ಕಂಡು ಅವರಿಗೆ ತಡೆಯಲಾಗದೆ ಹೋದ ಪ್ರಸಂಗ ನಮ್ಮಲ್ಲಿ ಬಹಳ ದಿನ ನಗೆಗೆ ವಸ್ತುವಾಗಿತ್ತು. ಇವರು ನೇರ ಹೋಗಿ, "ಇದನ್ನ ಹಿಂಗ ಕೊಡ್ರಿ, ಒಳಗ ಜಂಗ ಹಿಡದೈತೇನ ನೋಡತೀನಿ" ಎಂದು ಕೈ ಚಾಚಿದರು. ಮಿಲಿಟರಿಯಿಂದ ನಿವೃತ್ತನಾದ ಆತ ಒಂದು ಹೆಜ್ಜೆ ಹಿಂದೆ ಸರಿದು ಸೀಟಿ ಊದಿದ. ಶಟರ್ ಇಳಿಯಿತು. ಪೊಲೀಸರು ಬಂದು, ಇವರ ಗುರುತು ಹತ್ತಿ, ನಗುತ್ತ ಬಿಟ್ಟುಕಳಿಸಿದರು. ಮಾಲಕರು ಹಿಂತಿರುಗಿ ಬಂದು ಹೇಳಿದ್ದು ಒಂದೇ: "ಮನಶಾ ಚಲೋ ಅದಾನ. ಆದ್ರ ಬಂದೂಕಿಗೆ ಎಣ್ಣಿ ಹಾಕಿಲ್ಲ."

ಕಾರ್ಖಾನೆಯಲ್ಲಿ ಅವರು ನಿಷೇಧಿಸಿದ್ದ ಶಬ್ದ ಒಂದೇ. ನಮ್ಮ ಗಡಿಯಲ್ಲಿ ಕನ್ನಡದವರೂ ಮರಾಠಿಯವರೂ ಸಮನಾಗಿ ಆಡುವ 'ಚಾಲ್ತಂಯ್'. ನಡೀತೈತಿ ಬಿಡು, ಪರವಾಗಿಲ್ಲ ಎಂದು ಅದರ ಅರ್ಥ. ಯಾರ ಬಾಯಿಂದಲಾದರೂ ಆ ಶಬ್ದ ಬಂದರೆ ಎಲ್ಲಿದ್ದರೂ ಅವರಿಗೆ ಕೇಳುತ್ತಿತ್ತು. "ಏನ ಚಾಲ್ತಂಯ್? ತೋರಸ ಬಾ ನನಗ" ಎಂದು ಬಂದುಬಿಡುತ್ತಿದ್ದರು.

ಅನಾಹುತ ಗೊತ್ತಾದದ್ದು ಒಬ್ಬ ಕೆಲಸಗಾರನ ಕೈ ಜಾರಿದ್ದರಿಂದ. ಬಂದೂಕು ಪರೀಕ್ಷಿಸುವಾಗ ನಾವು ಮದ್ದೂ ಗುಂಡೂ ಇಲ್ಲದ, ಬರೀ ಹಿಂದಿನ ಕಿಡಿ ಹೊತ್ತಿಸುವ ಟೋಪಿ ಮಾತ್ರ ಇರುವ ಕಾಡತೂಸು ಹಾಕುತ್ತಿದ್ದೆವು. ಟ್ರಿಗರ್ ಎಳೆದರೆ ಚಟ್ಟೆಂದು ಸದ್ದು ಮಾತ್ರ ಆಗುತ್ತದೆ. ಆ ದಿನ ಸೇಫ್ಟಿ ಹಾಕಿದ್ದ ಬಂದೂಕು ಮೇಜಿನಿಂದ ನೆಲದ ಕಲ್ಲಿನ ಫರಸಿಗೆ ಬಿತ್ತು. ಬಿದ್ದದ್ದೇ ತಡ, ಚಟ್ ಎಂದಿತು. ಟ್ರಿಗರನ್ನು ಯಾರೂ ಮುಟ್ಟಿರಲಿಲ್ಲ.

ಮಾಲಕರು ಅದನ್ನು ಎತ್ತಿಕೊಂಡು ಅಲ್ಲೇ ಕೂತು ಬಿಚ್ಚಿದರು. ಒಳಗೆ ಟೋಪಿಗೆ ಬಡಿಯುವ ಹ್ಯಾಮರನ್ನು ಹಿಡಿದು ನಿಲ್ಲಿಸುವ ಒಂದು ಕೊಕ್ಕೆ ಇರುತ್ತದೆ, ಉಗುರಿನಷ್ಟು ಚಿಕ್ಕದು. ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಈ ಕೊಕ್ಕೆಯೇ ಜಾರಿದರೆ ಅದೇನೂ ಮಾಡಲಾರದು. ಭೂತಗನ್ನಡಿಯಲ್ಲಿ ನೋಡಿದರೆ ಅದರ ಅಂಚು ಮೊಂಡಾಗಿತ್ತು. ಆ ಕಂತಿನಲ್ಲಿ ತಯಾರಾದ ಕೆಲವು ಕೊಕ್ಕೆಗಳಿಗೆ ಉಕ್ಕು ಗಟ್ಟಿಯಾಗುವ ಹದ ಸರಿಯಾಗಿ ಕೂತಿರಲಿಲ್ಲ. ಅವು ಒಳ್ಳೆಯವುಗಳ ಜೊತೆ ಬೆರೆತುಹೋಗಿದ್ದವು. ಯಾವ ಬಂದೂಕಿನಲ್ಲಿ ಯಾವುದು ಹೋಗಿದೆ ಎಂದು ಹೇಳಲು ಈಗ ದಾರಿಯೇ ಇರಲಿಲ್ಲ.

ಅವರ ಅಣ್ಣ ಮಧ್ಯಾಹ್ನ ಬಂದರು. ಕೆಟ್ಟ ಮನುಷ್ಯರೇನಲ್ಲ, ತಮ್ಮನ ಹುಚ್ಚಿಗೆ ಇಷ್ಟು ವರ್ಷ ಬೆನ್ನು ಕೊಟ್ಟವರು. "ಮುಂದ ಹೋಗೂ ಮಾಲ ಸರಿ ಮಾಡ. ಹ್ವಾದದ್ದ ಹ್ವಾತು. ಇಲ್ಲೀತನಕ ಯಾರರ ತಕರಾರ ಮಾಡ್ಯಾರೇನು?"

"ತಕರಾರ ಮಾಡಾಕ ಅಂವ ಉಳೀಬೇಕಲ್ಲ ಅಣ್ಣಾ."

"ಊರೂರ ತಿರಗಿ ನಮ್ಮ ಬಂದೂಕ ಕೆಟ್ಟೈತಿ ಅಂತ ಡಂಗುರಾ ಹೊಡೀತಿಯೇನು? ನಾಳೆ ಯಾಂವ ತಗೋತಾನ?"

ಅಣ್ಣ ಎದ್ದು ಹೋದ ಮೇಲೆ ಮಾಲಕರು ನನಗೆ, "ಹೊಸಾ ಕೊಕ್ಕಿ ತಯಾರ ಆದ ಕೂಡ್ಲೇ ಹೊಂಡೂದು. ನೀನೂ ಬಾ" ಎಂದರು. ಬೇರೆಯವರ ಬಂದೂಕನ್ನು ನಾವು ಒಯ್ಯುವಂತಿರಲಿಲ್ಲ. ಠಾಣೆಗಳಿಗೆ ತಿಳಿಸಿ, ಬಂದೂಕಿನ ಅಂಗಡಿಯವರಿಂದ ವಿಳಾಸ ಪಡೆದು, ಅವರವರ ಮನೆಯಲ್ಲೇ ಕೂತು ಕೊಕ್ಕೆ ಬದಲಿಸಿ ಬರಬೇಕಿತ್ತು. ಆ ಬೇಸಿಗೆಯೆಲ್ಲ ನಮ್ಮ ಹಳೆಯ ಜೀಪು ಚಿಕ್ಕೋಡಿ, ರಾಯಬಾಗ, ಅಥಣಿ ಎಂದು ಸುತ್ತಿತು. ಜೀಪಿನಲ್ಲಿ ಅವರು ಸುಮ್ಮನೆ ಕೂರುತ್ತಿರಲಿಲ್ಲ. ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಫೋನ್ ಬಂದರೆ ಬೆಚ್ಚುತ್ತಿದ್ದರು. ಎತ್ತಿ, ಮೊದಲ ಎರಡು ಮಾತು ಕೇಳಿ, ಉಸಿರು ಬಿಡುತ್ತಿದ್ದರು.

ಅವರ ತಮ್ಮನೊಬ್ಬ ಹಿಂದೆ ಬಂದೂಕಿಗೆ ಸಿಕ್ಕು ಸತ್ತಿದ್ದ, ಅದಕ್ಕೇ ಇವರಿಗೆ ಇಂಥ ಚಡಪಡಿಕೆ ಎಂದು ಕೆಲಸಗಾರರು ಆಡಿಕೊಳ್ಳುತ್ತಿದ್ದರು. ಯಡೂರಿನ ದಾರಿಯಲ್ಲಿ ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

"ಯಾರೂ ಸತ್ತಿಲ್ಲ ತಂಗಿ. ಇನ್ನೂ ಯಾರೂ ಸತ್ತಿಲ್ಲ. ಅದಕ್ಕ ನಿದ್ದಿ ಬರವಲ್ದು."

ಹೆಚ್ಚಿನವರು ನಮ್ಮನ್ನು ಚೆನ್ನಾಗಿಯೇ ಕಂಡರು. ಚಹಾ ಕೊಟ್ಟರು, ಬಂದೂಕು ತಂದು ಮುಂದಿಟ್ಟರು. ಕೆಲವರು ಬೈದರು. ಆದರೆ ನಮ್ಮನ್ನು ಸೋಲಿಸುವಷ್ಟು ಹಟ ಹಿಡಿದವರು ಕಾಗವಾಡದ ಕಡೆಯ ಒಬ್ಬ ದ್ರಾಕ್ಷಿ ತೋಟದ ಸಾವಕಾರರು. ಸಿಟ್ಟಿನಿಂದಲ್ಲ, ಪ್ರೀತಿಯಿಂದ. ಅವರ ಪಡಸಾಲೆಯ ಗೂಟಕ್ಕೆ ನಮ್ಮ ಬಂದೂಕು ತೂಗುಬಿದ್ದಿತ್ತು. ಹೊರಗೆ ಶೆಡ್ಡಿನಲ್ಲಿ ಒಣದ್ರಾಕ್ಷಿ ಹರವಿದ್ದರು. ಅದರ ಸಿಹಿ ವಾಸನೆ ಮನೆಯೊಳಗೆಲ್ಲ ತುಂಬಿತ್ತು.

"ಮುಟ್ಟಬ್ಯಾಡ್ರಿ ಅದನ್ನ" ಎಂದರು ಅವರು. "ನಮ್ಮ ಅಜ್ಜನ ಕಾಲದ ಇಂಗ್ಲಂಡದ ಜೋಡನಳಗಿ ಬಂದೂಕ ಮಾರಿ ಇದನ್ನ ತಗೊಂಡೀನಿ. ಒಂದ ದಿನಾನೂ ಕೈ ಕೊಟ್ಟಿಲ್ಲ. ಮಳ್ಯಾಗ ನೋಡೀನಿ, ಕೆಸರಿನ್ಯಾಗ ನೋಡೀನಿ. ಹಂದಿ ಹಿಂಡ ಬಂದ್ರ ಟಕಾ ಟಕಾ ಹಾರತೈತಿ, ಹೆಗಲಿಗಿ ಪೆಟ್ಟ ಸೈತ ಇಲ್ಲ. ನೀವು ಬಿಚ್ಚಿ, ಇದ್ದದ್ದನ್ನ ಕೆಡಸಿ ಹೋಗ್ತೀರಿ."

ಅಂಥ ಹೊಗಳಿಕೆಯನ್ನು ಕೇಳಲು ಮಾಲಕರು ಎಷ್ಟು ವರ್ಷ ಕಾದಿದ್ದರೋ. ಈಗ ಅದು ಅವರನ್ನು ಸುಡುತ್ತಿತ್ತು. "ಸಾವಕಾರ್ರ, ಹಾರೂದ್ರಾಗ ಅದು ಚಲೋನ ಐತಿ. ಹಾರಬಾರದಾಗ ಹಾರತೈತೋ ಏನೋ, ಅದ ಪ್ರಶ್ನಾ" ಎಂದರು. ಸಾವಕಾರರು ಬೇಡವೆಂದು ತಲೆಯಾಡಿಸಿದರು.

ಕೊನೆಗೆ ಮಾಲಕರು ಒಂದು ಮಾತು ಕೇಳಿದರು: ಬರೀ ಟೋಪಿಯ ಕಾಡತೂಸು ಹಾಕಿ, ಸೇಫ್ಟಿ ಇಟ್ಟು, ನೆಲಕ್ಕೆ ಕುಟ್ಟಿ ತೋರಿಸುತ್ತೇನೆ, ಏನೂ ಆಗದಿದ್ದರೆ ಎದ್ದು ಹೋಗುತ್ತೇವೆ. ಸಾವಕಾರರಿಗೆ ಇದು ಪಂದ್ಯದ ಹಾಗೆ ಕಂಡಿತು. ಒಪ್ಪಿದರು. ತಾವೇ ಬಂದೂಕನ್ನು ಇಳಿಸಿ, ಒಳಗಿದ್ದ ಕಾಡತೂಸುಗಳನ್ನು ತೆಗೆದರು. ಮನೆಯಲ್ಲಿ ಅದನ್ನು ತುಂಬಿಯೇ ಇಟ್ಟಿದ್ದರು ಎಂಬುದು ನಮಗೆ ಆಗ ತಿಳಿಯಿತು.

ಮಾಲಕರು ನಳಿಗೆಯನ್ನು ಮೇಲಕ್ಕೆ ಹಿಡಿದು ಹಿಡಿಕೆಯನ್ನು ಫರಸಿಗೆ ಕುಟ್ಟಿದರು. ಏನೂ ಆಗಲಿಲ್ಲ. ಮತ್ತೆ ಕುಟ್ಟಿದರು. ಏನೂ ಇಲ್ಲ. ಪಕ್ಕಕ್ಕೆ ವಾಲಿಸಿ ಕುಟ್ಟಿದರು. ಸಾವಕಾರರು ತೊಡೆ ತಟ್ಟಿ ನಕ್ಕರು. "ಸಾಕ ಬಿಡ್ರಿ ಮಾಲಕ್ರ! ನಿಮ್ಮ ಬಂದೂಕ ನಿಮ್ಮ ಮಾತ ಕೇಳವಲ್ದು!" ಅವರ ಹೆಂಡತಿ ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅದು ಸಿಡಿಯಲಿ ಎಂದು ಮಾಲಕರು ಬೇಡಿಕೊಳ್ಳುತ್ತಿದ್ದರೋ ಸಿಡಿಯದಿರಲಿ ಎಂದೋ, ನನಗೆ ಹೇಳಲಾಗುತ್ತಿರಲಿಲ್ಲ. ಇನ್ನೊಮ್ಮೆ ಕುಟ್ಟಿದರು.

ಚಟ್.

ಸಣ್ಣ ಸದ್ದು, ಒಣ ಕಟ್ಟಿಗೆ ಮುರಿದಷ್ಟು. ನಳಿಗೆಯ ತುದಿಯಿಂದ ಒಂದೆಳೆ ಹೊಗೆ ಬಂತು. ಸಾವಕಾರರ ನಗೆ ಮುಖದ ಮೇಲೆಯೇ ಉಳಿದಿತ್ತು, ಒಳಗಿಂದ ಮಾತ್ರ ಹೋಗಿಬಿಟ್ಟಿತ್ತು. ಅವರ ಹೆಂಡತಿ ತಾಟನ್ನು ಮೆಲ್ಲಗೆ ನೆಲಕ್ಕಿಟ್ಟು, ಗೋಡೆಗೆ ಒರಗಿ ಕೂತರು.

"ದಿನಾ ಕಸಾ ಹೊಡಿಯೂಮುಂದ ನಾನ ಅದನ್ನ ಗೂಟದಿಂದ ತಗೀತೀನ್ರಿ" ಎಂದರು. "ಮೊನ್ನಿ ಕೈ ಜಾರಿ ಬಿತ್ತು. ಮನಕಿನ ಚೀಲ ಇತ್ತು, ಅದರ ಮ್ಯಾಲೆ ಬಿತ್ತು. ಇವರು ಬೈತಾರಂತ ಹೇಳಿರಲಿಲ್ಲ."

ಮನಕು ಎಂದರೆ ಒಣದ್ರಾಕ್ಷಿ. ಆಮೇಲೆ ಆಕೆಯೇ, ಗಂಡನ ಕಡೆ ನೋಡದೆ, "ಬಿಚ್ಚರಿ ಅದನ್ನ" ಎಂದರು. ಮಾಲಕರಿಗೆ ಕೊಕ್ಕೆ ಬದಲಿಸಲು ಆಗಲಿಲ್ಲ. ನಾನೇ ಮಾಡಿದೆ. ಹೊರಡುವಾಗ ಸಾವಕಾರರು ಜೀಪಿನವರೆಗೆ ಬಂದು, ಎರಡೂ ಕೈಯಿಂದ ಮಾಲಕರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅಣ್ಣ ಹೇಳಿದ್ದೇ ನಿಜವಾಯಿತು. ನಾವು ಹೋದಲ್ಲೆಲ್ಲ ಮಾತು ನಮಗಿಂತ ಮುಂದೆ ಹೋಗಿತ್ತು. ಬದಲಿಸಿದ್ದನ್ನು ಯಾರೂ ನೆನಪಿಡಲಿಲ್ಲ. ತಾನಾಗೇ ಹಾರುವ ಬಂದೂಕು ಎಂಬುದನ್ನು ಮರೆಯಲಿಲ್ಲ. ಅಂಗಡಿಯವರು ನಮ್ಮ ಮಾಲನ್ನು ಒಳಗಿನ ಮೂಲೆಗೆ ಸರಿಸಿದರು. ಒಂದೆರಡು ವರ್ಷ ತೇಕುತ್ತ ನಡೆದ ಕಾರ್ಖಾನೆಯನ್ನು ಅಣ್ಣ ಹೊರಗಿನವರಿಗೆ ಕೊಟ್ಟರು. ಅವರು ಬಂದೂಕು ಮಾಡುವುದನ್ನು ನಿಲ್ಲಿಸಿ ಮೋಟಾರಿನ ಭಾಗ ಮಾಡತೊಡಗಿದರು. ನಾನು ಪಂಪ್ ಕಾರ್ಖಾನೆಗೆ ಬಂದೆ. ಮಾಲಕರು ಕರೋಶಿಯ ಮನೆಯ ಹಿತ್ತಲಲ್ಲಿ ಒಂದು ಹಳೆಯ ಲೇತ್ ಹಾಕಿಕೊಂಡು ಮತ್ತೆ ಬುಶ್ ಕಡೆಯತೊಡಗಿದರು.

ಆದರೆ ಸುತ್ತುವುದು ನಿಲ್ಲಲಿಲ್ಲ. ಎಲ್ಲ ಬಂದೂಕುಗಳೂ ಸಿಕ್ಕಿದ್ದವು. ಒಂದು ಮಾತ್ರ ಉಳಿದಿತ್ತು. ಅದನ್ನು ಕೊಂಡವರು ನಿಪ್ಪಾಣಿಯಲ್ಲಿ ಬಾಡಿಗೆ ಮನೆಯಲ್ಲಿದ್ದ ಒಬ್ಬ ನಿವೃತ್ತ ಸೈನಿಕರು. ನಾವು ಹೋಗುವಷ್ಟರಲ್ಲಿ ಮನೆ ಬಿಟ್ಟಿದ್ದರು. ಎಲ್ಲಿಗೆ ಹೋದರೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಚೇರಿಗಳಲ್ಲೂ ಹಳೆಯ ವಿಳಾಸವೇ ಇತ್ತು. ಮಾಲಕರು ಬೈಕಿನ ಮೇಲೆ ಗಡಿಯ ಆಚೆಯ ಹಳ್ಳಿಗಳಿಗೂ ಹೋಗಿ ಮರಾಠಿಯಲ್ಲಿ ವಿಚಾರಿಸಿ ಬರುತ್ತಿದ್ದರು. ಮಾಜಿ ಸೈನಿಕರ ಮನೆಗಳ ಲಗ್ನ, ಕಾರ್ಯ ಎಲ್ಲೇ ಇರಲಿ, ಕರೆಯದಿದ್ದರೂ ಹೋಗುತ್ತಿದ್ದರು. ಒಮ್ಮೆ ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕರು. ಬಹಳ ಇಳಿದುಹೋಗಿದ್ದರು.

"ಬಿಡ್ರಿ ಮಾಲಕ್ರ, ಇಷ್ಟ ವರ್ಷ ಏನೂ ಆಗಿಲ್ಲ. ಆಗಿದ್ರ ಗೊತ್ತಾಗತಿತ್ತು" ಎಂದೆ.

"ಹಂಗ ಅನ್ನಬ್ಯಾಡ. ಅದು ಚಾಲ್ತಂಯ್ ಅಂದಂಗ ಆತು" ಎಂದು ಬಂದ ಬಸ್ಸಿನ ಕಡೆ ಓಡಿದರು. ಆಮೇಲೆ ನಾನು ಅವರನ್ನು ಜೀವಂತ ನೋಡಲಿಲ್ಲ.

ಅವರ ಕಾರ್ಯವೆಲ್ಲ ಮುಗಿದು ಸ್ವಲ್ಪ ದಿನಕ್ಕೆ ಚಿಕ್ಕೋಡಿಯ ಬಂದೂಕಿನ ಅಂಗಡಿಯವರು ಫೋನ್ ಮಾಡಿದರು. "ಅಕ್ಕಾರ, ನಿಮ್ಮ ಆ ಒಂದ ಉಳದಿತ್ತಲ್ಲ, ಅದು ನನ್ನ ಮುಂದ ಐತಿ."

ಅರ್ಧ ದಿನದ ರಜೆ ಹಾಕಿ ಹೋದೆ. ಅಂಗಡಿಯಲ್ಲಿ ಆ ಸೈನಿಕರ ಮಗ ಕೂತಿದ್ದ. ಅಪ್ಪ ನಿಪ್ಪಾಣಿ ಬಿಟ್ಟ ವರ್ಷವೇ ಚುನಾವಣೆ ಬಂತಂತೆ. ಅದು ಮುಗಿಯುವ ತನಕ ಎಂದು ಎಲ್ಲ ಪರವಾನಗಿದಾರರ ಹಾಗೆ ಅವರೂ ಬಂದೂಕನ್ನು ಗಡಿಯಾಚೆಯ ತಮ್ಮ ಊರಿನ ಠಾಣೆಗೆ ಒಪ್ಪಿಸಿದರಂತೆ. ಬಿಡಿಸಿಕೊಳ್ಳುವ ಮೊದಲೇ ಲಕ್ವಾ ಹೊಡೆಯಿತು. ಹಾಸಿಗೆ ಹಿಡಿದವರು ವರ್ಷಗಟ್ಟಲೆ ಮಲಗಿಯೇ ಇದ್ದು ಹೋದ ವರ್ಷ ತೀರಿಕೊಂಡರು. ಈಗ ಮಗ ಕಾಗದಪತ್ರ ಮುಗಿಸಿ, ಮಾರಲೆಂದು ತಂದಿದ್ದ.

ಹಾಗಾದರೆ ಇಷ್ಟು ವರ್ಷ ಅದು ಠಾಣೆಯ ಕೋಣೆಯಲ್ಲಿ, ಕಾಡತೂಸಿಲ್ಲದೆ, ಚೀಟಿ ಕಟ್ಟಿಸಿಕೊಂಡು ನಿಂತಿತ್ತು. ಮಾಲಕರು ಆ ಠಾಣೆಯ ಮುಂದಿನ ರಸ್ತೆಯಲ್ಲಿ ಎಷ್ಟು ಸಲ ಬೈಕ್ ಓಡಿಸಿರಬೇಕು.

ಬಂದೂಕನ್ನು ಬಿಚ್ಚಿದೆ. ಕೊಕ್ಕೆಯನ್ನು ತೆಗೆದು ಅಂಗಡಿಯವರ ಭೂತಗನ್ನಡಿಯ ಕೆಳಗಿಟ್ಟೆ. ಅಂಚು ಕೂದಲೆಳೆಯಷ್ಟೂ ಮಾಸಿರಲಿಲ್ಲ. ಅರದಿಂದ ಉಜ್ಜಿದರೆ ಅರವೇ ಜಾರಿತು. ಅದು ಒಳ್ಳೆಯ ಕೊಕ್ಕೆ, ಮೊದಲ ದಿನದಿಂದಲೂ ಒಳ್ಳೆಯದೇ.

"ಸರಿ ಐತಲ್ರಿ?" ಎಂದ ಆ ಹುಡುಗನ ದನಿಯಲ್ಲಿ ಗಾಬರಿ ಇತ್ತು. ಸರಿ ಇದೆ ಎಂದೆ. ಆದರೂ ಇಷ್ಟು ವರ್ಷ ನನ್ನ ಬಳಿ ಉಳಿದಿದ್ದ ಹೊಸದನ್ನೇ ಹಾಕಿ ಕೂಡಿಸಿದೆ.

ಅಲ್ಲಿಂದ ನೇರ ಕರೋಶಿಗೆ ಹೋದೆ. ಮಾಲಕರ ಹೆಂಡತಿ ಹಿತ್ತಲಲ್ಲಿ ಲೇತ್ ಮೇಲಿನ ಧೂಳು ಒರೆಸುತ್ತಿದ್ದರು. ಮರುದಿನ ಯಾರೋ ಅದನ್ನು ಕೊಳ್ಳಲು ಬರುವವರಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಠಾಣೆಯದು, ಲಕ್ವಾದ್ದು, ಕೊಕ್ಕೆ ಸರಿ ಇದ್ದದ್ದು. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಇನ್ನೊಂದಿಷ್ಟು ದಿನ ಮೊದಲೇ ಗೊತ್ತಾಗಿದ್ದರೆ ಅವರು ನೆಮ್ಮದಿಯಾಗಿ ಹೋಗುತ್ತಿದ್ದರಲ್ಲ ಎಂದೆ.

ಅವರು ಬಟ್ಟೆ ಕೊಡವಿ ಲೇತ್ ಮೇಲೆ ಹಾಕಿದರು.

"ನೆಮ್ಮದೀಲೆ?" ಎಂದರು. "ಇಷ್ಟ ವರ್ಷ ಅವರ ಜೋಡಿ ದುಡದಿ, ಇನ್ನೂ ತಿಳದಿಲ್ಲೇನ ನಿನಗ? ಗೊತ್ತಾಗಿದ್ರ ಅದರ ಮರುದಿನ ಇನ್ನೊಂದೇನೋ ಹುಡಕ್ಕೊಂಡ ಹೊಂಡತಿದ್ರು. ಅಳಬ್ಯಾಡ, ಒಳಗ ಬಾ. ರೊಟ್ಟಿ ಬಡದೀನಿ, ಉಂಡ ಹೋಗು."